ಕಲಾಯಿ ಹೋದ ಭಾಂಡೆ

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ಸ್ತ್ರೀಶಕ್ತಿ ಸಂಘಗಳ ಅಕ್ಕ-ತಂಗಿಯರಿಗೆ,



ಹೋದ ಬ್ಯಾಸಗಿ ಲಗ್ನದ ಹಂಗಾಮಿನಲ್ಲಿ ಐದು ಮನೆಯ ಲಗ್ನಕ್ಕೆ ಹೋಗಿ ಬಂದೆ. ಐದೂ ಕಡೆ ಆಯೇರಿ ಸಾಮಾನಿನ ನಡುವೆ ನಾನ್‌ಸ್ಟಿಕ್ ಸೆಟ್ ಇತ್ತು. ಒಂದು ತವಾ, ಒಂದು ಕಡಾಯಿ, ಒಂದು ಫ್ರೈ ಪ್ಯಾನ್, ಮೇಲೊಂದು ಗಾಜಿನ ಮುಚ್ಚಳ. ಪಕ್ಕದಲ್ಲಿದ್ದ ಸ್ಟೀಲಿನ ಕೊಡ, ತಾಟು, ಡಬ್ಬಿಗಳ ಮೇಲೆ ಕೊಟ್ಟವರ ಹೆಸರು, ತಾರೀಖು ಕೊರೆಸಿದ್ದರು. ಪ್ಯಾನಿನ ಮೇಲೆ ಮಾತ್ರ ಯಾರ ಹೆಸರೂ ಇರಲಿಲ್ಲ. ನಮ್ಮ ಅತ್ತೆಯ ತವರಿನವರು ಕೊಟ್ಟ ಹಿತ್ತಾಳೆ ಕೊಡದ ಕಂಠದಲ್ಲಿ ಅವರ ಅಪ್ಪನ ಹೆಸರು ಇವತ್ತಿಗೂ ಓದಲು ಬರುತ್ತದೆ. ಈ ಪ್ಯಾನು ಹುಟ್ಟುವ ಕೂಸಿನ ಜಾವಳದ ತನಕ ಬಾಳಿದರೆ ದೊಡ್ಡದು. ಹಾಗಿದ್ದೂ ನಾವು ಎರಡನ್ನೂ ಒಂದೇ ಭಾಂಡೆ ಎಂದು ತಿಳಿದು, ಒಂದೇ ಬೂದಿಯಲ್ಲಿ ತಿಕ್ಕಿ, ಒಂದೇ ಉರಿಯ ಮೇಲೆ ಇಡುತ್ತಿದ್ದೇವೆ. ಇದಕ್ಕೇ ಈ ಪತ್ರ.

ನಾನು ನಾನ್‌ಸ್ಟಿಕ್ ಬೇಡ ಎನ್ನುವವಳಲ್ಲ. ನನ್ನ ಮನೆಯಲ್ಲೂ ಒಂದು ಇದೆ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ನಮ್ಮ ಎಷ್ಟೋ ಮನೆಗಳಿಗೆ ಗ್ಯಾಸ್ ಬಂತು. 2023ರಿಂದ ಗೃಹಲಕ್ಷ್ಮಿಯ 2000 ರೂಪಾಯಿ ನಮ್ಮದೇ ಖಾತೆಗೆ ಬೀಳತೊಡಗಿತು. ಆ ದುಡ್ಡಿನಲ್ಲಿ ಸಂತೆಯಿಂದಲೋ ಭಾಂಡೆ ಅಂಗಡಿಯಿಂದಲೋ ಒಬ್ಬ ಹೆಣ್ಣುಮಗಳು ಯಾರನ್ನೂ ಕೇಳದೆ ತನ್ನ ಅಡಿಗೆಮನೆಗೆ ಒಂದು ಪ್ಯಾನು ತಂದಳೆಂದರೆ ಅದು ಸಣ್ಣ ಸಂಗತಿಯಲ್ಲ. ಹೊಲದಿಂದ ಬಂದು ದಣಿದ ಕೈಗೆ ಅಂಟದ, ಸೀಯದ, ತಿಕ್ಕುವ ಕೆಲಸ ಕಡಿಮೆ ಮಾಡುವ ಒಂದು ಸಾಮಾನು ಬೇಕೆನಿಸುವುದು ನ್ಯಾಯವೇ. ಆದರೆ ಕೊಟ್ಟ ದುಡ್ಡು ದಕ್ಕಬೇಕು. ಪ್ಯಾನಿನ ಹೊಗೆ ಮನೆ ತುಂಬಬಾರದು.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಹಿಂಗಾರಿ ಜೋಳದ ಸುಗ್ಗಿಯ ದಿನಗಳು. ಆಳುಗಳಿಗೆ ಬುತ್ತಿ ಕಟ್ಟಬೇಕಿತ್ತು, ನಲವತ್ತು ರೊಟ್ಟಿ. ಹಂಚು ಒಂದೇ ಇದ್ದುದರಿಂದ ಬೇಗ ಆಗಲೆಂದು ಎರಡನೇ ಒಲೆಯ ಮೇಲೆ ಸೊಸೆಯ ಹೊಸ ನಾನ್‌ಸ್ಟಿಕ್ ತವಾ ಇಟ್ಟೆ. ದೊಡ್ಡ ಉರಿ. ರೊಟ್ಟಿ ಬಡಿದು ಮುಗಿಯುವ ತನಕ ಅದು ಬರಿದೇ ಕಾಯುತ್ತಿತ್ತು. ರೊಟ್ಟಿ ಹಾಕಿ, ರೂಢಿಯಂತೆ ಮೇಲೆ ಒದ್ದೆ ಅರಿವೆ ಆಡಿಸಿದೆ. ಅಂಚಿನಿಂದ ಇಳಿದ ನೀರು ತವಾಕ್ಕೆ ತಾಗಿ ಟಣ್ ಅಂತ ಸಪ್ಪಳ ಬಂತು. ತಳ ಬಾಗಿತ್ತು. ಹತ್ತನೇ ರೊಟ್ಟಿಯ ಹೊತ್ತಿಗೆ ಮೂಗು ಸುಡುವಂಥ ಏನೋ ಒಂದು ವಾಸನೆ. ಹದಿನೈದನೇ ರೊಟ್ಟಿಯ ಬಿಳಿ ಮೈಮೇಲೆ ಎಳ್ಳಿನ ಹಾಗೆ ಕರಿ ಚುಕ್ಕೆ ಕಂಡವು. ಅವು ಎಳ್ಳಾಗಿರಲಿಲ್ಲ. ಮೂರು ತಿಂಗಳು ಹಳತಾಗದ ತವಾ ಅವತ್ತೇ ಮುಗಿಯಿತು. ಸೊಸೆ ಏನೂ ಅನ್ನಲಿಲ್ಲ, ಅವಳ ಮುಖ ಮಾತ್ರ ಸಣ್ಣದಾಯಿತು. ಅವತ್ತಿನಿಂದ ಈ ವಸ್ತುವಿನ ಬಗ್ಗೆ ಕೈಗೆ ಸಿಕ್ಕದ್ದನ್ನೆಲ್ಲ ಓದಿದೆ, ಬಲ್ಲವರನ್ನು ಕೇಳಿದೆ.

ಕೇಳುತ್ತಾ ಹೋದಂತೆ ನೆನಪಾದದ್ದು ಕಲಾಯಿ. ನಮ್ಮಲ್ಲಿ ಐವತ್ತು ದಾಟಿದವರಿಗೆಲ್ಲ ಅದರ ನೆನಪಿರುತ್ತದೆ. ವರ್ಷಕ್ಕೊಮ್ಮೆ ಕಲಾಯಿ ಮಾಡುವವರು ಊರಿಗೆ ಬಂದು ಗುಡಿಯ ಮುಂದೆ ತಿದಿ ಹೂಡುತ್ತಿದ್ದರು. ಹಿತ್ತಾಳೆ, ತಾಮ್ರದ ಬೋಗಾಣಿಗಳನ್ನು ಕಾಯಿಸಿ, ನವಸಾಗರ ಉದುರಿಸಿ, ಬುಸ್ ಎಂದು ಬಿಳಿ ಹೊಗೆ ಎದ್ದ ಮೇಲೆ ಒಂದಿಷ್ಟು ತವರ ಮುಟ್ಟಿಸಿ ಅರಳೆಯಿಂದ ಒರೆಸಿದರೆ ಒಳಮೈ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಆ ಪದರ ಸವೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. "ಕಲಾಯಿ ಹೋದ ಬೋಗಾಣ್ಯಾಗ ಹುಳಿ ಮಾಡಬ್ಯಾಡವಾ, ಕಿಲುಬು ಹತ್ತತೈತಿ" ಎಂದು ಅತ್ತೆ ಎಚ್ಚರಿಸುತ್ತಿದ್ದರು. ಇನ್ನೊಂದು ಮಾತೂ ಇತ್ತು: "ಬರೇ ಬೋಗಾಣಿ ಒಲಿ ಮ್ಯಾಲೆ ಇಡಬ್ಯಾಡ, ಕಲಾಯಿ ಕರಗತೈತಿ." ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ. ಅತ್ತೆಗೆ ಆ ಅಂಕಿ ಗೊತ್ತಿರಲಿಲ್ಲ, ಆದರೆ ಅವರು ಹೇಳಿದ್ದು ಕರಾರುವಾಕ್ಕಾಗಿತ್ತು.

ನಾನ್‌ಸ್ಟಿಕ್ ಎಂದರೆ ಇನ್ನೊಂದು ಬಗೆಯ ಕಲಾಯಿಯೇ. ಕೆಳಗೆ ಅಲ್ಯೂಮಿನಿಯಂ, ಮೇಲೆ ಕೂದಲೆಳೆಗಿಂತಲೂ ತೆಳ್ಳಗಿನ ಒಂದು ಪದರ. ಅದರ ಹೆಸರು ಪಿಟಿಎಫ್ಇ. ಟೆಫ್ಲಾನ್ ಎಂಬುದು ಅದರ ವ್ಯಾಪಾರದ ಹೆಸರು. 1938ರ ಏಪ್ರಿಲ್ 6ರಂದು ಅಮೆರಿಕದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞ ಫ್ರಿಜ್ಜಿನಲ್ಲಿ ಬಳಸುವ ಅನಿಲದ ಕೆಲಸದಲ್ಲಿದ್ದಾಗ, ಅನಿಲ ತುಂಬಿಟ್ಟಿದ್ದ ಸಿಲಿಂಡರಿನಿಂದ ಏನೂ ಹೊರಗೆ ಬರಲಿಲ್ಲ. ಕೊಯ್ದು ನೋಡಿದರೆ ಒಳಗೆ ಮೇಣದಂಥ ಬಿಳಿ ಪುಡಿ. ಅದಕ್ಕೆ ಏನೂ ಅಂಟುತ್ತಿರಲಿಲ್ಲ. ಮುಂದೆ 1950ರ ದಶಕದಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಎಂಬ ಇಂಜಿನಿಯರ್ ತನ್ನ ಮೀನು ಹಿಡಿಯುವ ಸಲಕರಣೆಗೆ ಅದನ್ನು ಬಳಿಯುತ್ತಿದ್ದಾಗ, ಅವನ ಹೆಂಡತಿ ಕೊಲೆಟ್ "ಅದನ್ನೇ ನನ್ನ ಪ್ಯಾನಿಗೂ ಹಚ್ಚಿಕೊಡು" ಎಂದಳಂತೆ. 1956ರಲ್ಲಿ ಅವರ ಕಂಪನಿ ಶುರುವಾಯಿತು. ಈ ಪ್ಯಾನು ಹುಟ್ಟಿದ್ದು ಒಬ್ಬ ಹೆಣ್ಣುಮಗಳ ಮಾತಿನಿಂದ ಎಂಬುದು ನನಗೆ ಹಿಡಿಸಿದ ಸಂಗತಿ.

ಈ ಪದರಕ್ಕೂ ಒಂದು ಮಿತಿ ಇದೆ. ಸುಮಾರು 260 ಡಿಗ್ರಿ ದಾಟಿದರೆ ಅದು ಕೆಡತೊಡಗುತ್ತದೆ. ಇನ್ನೂ ಮೇಲೇರಿ 350ರ ಆಸುಪಾಸಿಗೆ ಹೋದರೆ ವಿಷದ ಹೊಗೆ ಬಿಡುತ್ತದೆ. ಆ ಹೊಗೆ ಕುಡಿದವರಿಗೆ ಕೆಲವು ತಾಸಿನ ಮೇಲೆ ಚಳಿಜ್ವರ, ಕೆಮ್ಮು, ಎದೆ ಬಿಗಿತ ಬರುತ್ತದೆ. ಹೆಚ್ಚಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಪಂಜರದ ಹಕ್ಕಿಗಳು ಮಾತ್ರ ಆ ಹೊಗೆಗೆ ಸತ್ತೇಹೋಗುತ್ತವೆ. ಅನ್ನ, ಹುಳಿ, ಪಲ್ಯ ಮಾಡುವಾಗ ಭಯವಿಲ್ಲ, ಏಕೆಂದರೆ ನೀರಿರುವ ತನಕ ಶಾಖ 100ರ ಹತ್ತಿರವೇ ನಿಲ್ಲುತ್ತದೆ. ಬರಿ ಪ್ಯಾನಿನ ಮಾತು ಬೇರೆ. ತೆಳ್ಳಗಿನದಾದರೆ ದೊಡ್ಡ ಉರಿಯಲ್ಲಿ ಕೆಲವೇ ನಿಮಿಷಕ್ಕೆ ಆ ಗಡಿ ದಾಟುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಇನ್ನೂ ಬಿಗಿಯಾದ ಗೆರೆ ಎಳೆದಿದೆ: 170 ಡಿಗ್ರಿಗಿಂತ ಮೇಲೆ ಕಾಯಿಸಬೇಡಿ, ಬರಿ ಪ್ಯಾನನ್ನು ಉರಿಯ ಮೇಲೆ ಬಿಡಬೇಡಿ, ಪದರ ಸವೆದರೆ ಬಳಕೆ ನಿಲ್ಲಿಸಿ.

ಈಗ ನಮ್ಮ ಅಡಿಗೆ ನೆನೆಸಿಕೊಳ್ಳಿ. ರೊಟ್ಟಿಯ ಹಂಚು 200 ಡಿಗ್ರಿ ದಾಟದಿದ್ದರೆ ಜೋಳದ ರೊಟ್ಟಿ ಉಬ್ಬುವುದಿಲ್ಲ, ತೊಗಲಿನ ಹಾಗಾಗುತ್ತದೆ. ಹಾಗಾಗಿ ರೊಟ್ಟಿ ಮತ್ತು ನಾನ್‌ಸ್ಟಿಕ್ಕಿಗೆ ಎಣ್ಣೆ-ಶೀಗೆಕಾಯಿ ಸಂಬಂಧ, ಎಂದೂ ಕೂಡಿಸಬೇಡಿ. ಚಪಾತಿಯೂ ಅಷ್ಟೇ. ಇನ್ನು ಹುರಿಯುವ ಕೆಲಸ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಇಲ್ಲದೆ ನಮ್ಮಲ್ಲಿ ಊಟವೇ ಇಲ್ಲ. ಪಂಚಮಿ ಬಂದರೆ ಉಂಡಿಗೆ ಎಳ್ಳು, ಶೇಂಗಾ, ಕಡಲೆ ಸೇರುಗಟ್ಟಲೆ ಹುರಿಯುತ್ತೇವೆ. ಖಾರಪುಡಿಗೆ ಕುಂದಗೋಳದ ಹೊಲದ ಬ್ಯಾಡಗಿ ಮೆಣಸಿನಕಾಯಿ ಬೆಚ್ಚಗೆ ಮಾಡುತ್ತೇವೆ. ಎಲ್ಲವೂ ನೀರಿಲ್ಲದ, ಎಣ್ಣೆಯಿಲ್ಲದ ಒಣ ಹುರಿತ. ನಾನ್‌ಸ್ಟಿಕ್ಕಿಗೆ ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ಇದಕ್ಕೆ ಕಬ್ಬಿಣದ ಬಾಣಲೆಯೇ ಸೈ.

ಕಟ್ಟಿಗೆ ಒಲೆಯ ಮಾತಂತೂ ಇಲ್ಲವೇ ಇಲ್ಲ. ನವಲಗುಂದ, ಅಣ್ಣಿಗೇರಿ ಕಡೆಯ ಕರಿಮಣ್ಣಿನ ಬಯಲಲ್ಲಿ ಗಿಡಮರ ಕಡಿಮೆ, ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಯೇ ಉರುವಲು. ಹತ್ತಿ ಕಟ್ಟಿಗೆ ಭಗ್ಗನೆ ಹತ್ತಿ ಭಗ್ಗನೆ ಏರುತ್ತದೆ, ಆ ಉರಿಯನ್ನು ಕೈಯಲ್ಲಿ ಹಿಡಿದಿಡಲಾಗದು. ಕಲಘಟಗಿಯ ಕಾಡಂಚಿನ ಊರುಗಳಲ್ಲಿ ಸೌದೆಯ ಕೆಂಡ ಹೊತ್ತುಗಟ್ಟಲೆ ಆರುವುದಿಲ್ಲ. ಸಿಲಿಂಡರ್ ಮುಗಿದ ದಿನ ಪ್ಯಾನನ್ನು ಗೂಟಕ್ಕೆ ತೂಗುಹಾಕಿ, ಒಲೆಗೆ ಒಯ್ಯಬೇಡಿ.

ಹಾಗಾದರೆ ಅದು ಯಾವುದಕ್ಕೆ? ಝುಣಕಕ್ಕೆ. ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರದ ಹೆಸರನ್ನು ದೇಶಕ್ಕೆಲ್ಲ ತಿಳಿಸಿದ ಅಣ್ಣಿಗೇರಿ-1 ಕಡಲೆಯನ್ನು ಬೀಸಿ, ಆ ಹಿಟ್ಟಿನಲ್ಲಿ ಝುಣಕ ಮಾಡಿದರೆ ಸ್ಟೀಲಿನ ಬೋಗಾಣಿಗೆ ಅರ್ಧ ಅಂಟಿಕೊಂಡೇ ಉಳಿಯುತ್ತದೆ; ಈ ಪ್ಯಾನಿನಲ್ಲಿ ಪೂರಾ ಕಳಚಿ ತಾಟಿಗೆ ಬೀಳುತ್ತದೆ. ತತ್ತಿಯ ಆಮ್ಲೇಟು, ಉಪ್ಪಿಟ್ಟು, ಧಪಾಟಿ, ಕೂಸಿಗೆ ರವೆ ಗಂಜಿ, ಮುದುಕರಿಗೆ ಕಡಿಮೆ ಎಣ್ಣೆಯ ಪಲ್ಯ, ಎಲ್ಲಕ್ಕೂ ಒಳ್ಳೆಯದು. ಪಡ್ಡಿಗಂತೂ ಗುಳಿಯ ನಾನ್‌ಸ್ಟಿಕ್ ಹಂಚು ಬಹಳ ಒಳ್ಳೆಯದು, ಆದರೆ ಪಡ್ಡು ತಿರುವಲು ನಾವು ಸ್ಟೀಲಿನ ಚಮಚ, ಕೆಲವರು ದಬ್ಬಣವನ್ನೇ ಚುಚ್ಚುತ್ತೇವೆ. ಪ್ರತಿ ಗುಳಿಯಲ್ಲೂ ಗೀರು ಬಿದ್ದು ಆರು ತಿಂಗಳಿಗೆ ಅಲ್ಯೂಮಿನಿಯಂ ಕಣ್ಣು ಬಿಡುತ್ತದೆ. ಬಿದಿರಿನ ಒಂದು ಚೂಪು ಕಡ್ಡಿ ಸಾಕಲ್ಲ.

ಬಳಸುವ ರೀತಿಯೂ ಕಷ್ಟದ್ದಲ್ಲ. ಮೊದಲು ಒಂದು ಚಮಚ ಎಣ್ಣೆ ಹಾಕಿ, ಆಮೇಲೆ ಒಲೆ ಹೊತ್ತಿಸಿ. ಸಾಸಿವೆ ಚಟಪಟ ಅನ್ನುವಷ್ಟು ಶಾಖ ಸಾಕು. ಎಣ್ಣೆ ಹೊಗೆಯಾಡಿದರೆ ಉರಿ ಹೆಚ್ಚಾಯಿತೆಂದು ತಿಳಿಯಿರಿ. ಉರಿ ಪ್ಯಾನಿನ ತಳ ಮೀರಿ ಹೊರಗೆ ಚಾಚಬಾರದು. ಕಟ್ಟಿಗೆಯ ಸೌಟು ಬಳಸಿ. ಅಡಿಗೆ ಮುಗಿದ ಕೂಡಲೇ ತಣ್ಣೀರಿಗೆ ಹಿಡಿದರೆ ನನ್ನ ತವಾದ ಹಾಗೆ ತಳ ಬಾಗುತ್ತದೆ, ಆರಲು ಬಿಡಿ. ಬೂದಿ, ಮರಳು, ತಂತಿ ಜುಂಗು ಯಾವುದೂ ಬೇಡ. ಮೆತ್ತನೆಯ ಅರಿವೆ, ಒಂದಿಷ್ಟು ಸಾಬೂನು ಸಾಕು. ನಮ್ಮ ಕಡೆಯ ಬೋರಿನ ನೀರು ಸವುಳು. ದಿನ ಕಳೆದಂತೆ ಪ್ಯಾನಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಆಗ ಅಂಟತೊಡಗುತ್ತದೆ. ಪದರ ಹೋಯಿತೆಂದು ಅವಸರಪಡುವ ಮುಂಚೆ ನೀರಿಗೆ ಅರ್ಧ ಲಿಂಬೆಹಣ್ಣು ಹಿಂಡಿ ಸಣ್ಣ ಉರಿಯಲ್ಲಿ ಕುದಿಸಿ ನೋಡಿ. ಒಂದರೊಳಗೊಂದು ಪೇರಿಸಿ ಇಡುವಾಗ ನಡುವೆ ಹಳೆ ಅರಿವೆಯ ತುಂಡು ಹಾಕಿ.

ಕೊಳ್ಳುವಾಗಿನ ಮಾತು. ಐದಾರು ಸಾಮಾನಿನ ಸೆಟ್ ಬೇಡ, ಒಂದೇ ಒಂದು ಒಳ್ಳೆಯ ಪ್ಯಾನ್ ಕೊಳ್ಳಿ. ಕೈಯಲ್ಲಿ ಹಿಡಿದು ತೂಕ ನೋಡಿ. ಹಗುರಾಗಿದ್ದರೆ ತಳ ತೆಳ್ಳಗಿದೆ ಎಂದರ್ಥ, ಒಂದೇ ಕಡೆ ಸುಟ್ಟು ಒಂದೇ ಕಡೆ ಪದರ ಏಳುತ್ತದೆ. ಅಂಗಡಿಯ ಕಟ್ಟೆಯ ಮೇಲಿಟ್ಟು ಒತ್ತಿ ನೋಡಿ, ಅಲ್ಲಾಡಬಾರದು. ಐಎಸ್ಐ ಗುರುತು ಹುಡುಕಿ. 2024ರಲ್ಲಿ ಕೇಂದ್ರ ಸರ್ಕಾರ ಅಲ್ಯೂಮಿನಿಯಂ ಅಡಿಗೆ ಪಾತ್ರೆಗಳಿಗೆ ಐಎಸ್ 1660 ಎಂಬ ಮಾನಕದ ಗುರುತು ಕಡ್ಡಾಯ ಮಾಡುವ ಆದೇಶ ಹೊರಡಿಸಿದೆ. ‘ಗ್ರಾನೈಟ್’ ಎಂದು ಚುಕ್ಕೆಚುಕ್ಕೆಯ ಪ್ಯಾನ್ ತೋರಿಸಿದರೆ ಕಲ್ಲಿನದೆಂದು ತಿಳಿಯಬೇಡಿ, ಸಾಮಾನ್ಯವಾಗಿ ಅದೂ ಅದೇ ಪದರ, ಬಣ್ಣ ಬೇರೆ ಅಷ್ಟೇ. ಸೆರಾಮಿಕ್ ಪದರದ್ದು ನಿಜವಾಗಿಯೂ ಬೇರೆ ವಸ್ತು, ಉಸುಕಿನ ಜಾತಿಯದು. ಹೆಚ್ಚು ಶಾಖ ತಡೆಯುತ್ತದೆ, ಆದರೆ ಜಾರುವ ಗುಣ ಬೇಗ ಕಳೆದುಕೊಳ್ಳುತ್ತದೆ. ಡಬ್ಬಿಯ ಮೇಲೆ ‘ಪಿಎಫ್ಒಎ ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದು ಏನೆಂದು ಕೇಳಿದರೆ ಅಂಗಡಿಯವರಿಗೂ ಹೇಳಲು ಬರುವುದಿಲ್ಲ. ಅದರ ಕತೆ ದನ ಕಟ್ಟಿದ ಮನೆಯವರಾದ ನಮಗೆ ತಿಳಿದಿರಬೇಕು.

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ವಿಲ್ಬರ್ ಟೆನಂಟ್ ಎಂಬ ರೈತ ಇದ್ದ. ಪಿಟಿಎಫ್ಇ ತಯಾರಿಸುವಾಗ ಬಳಸುತ್ತಿದ್ದ ಪಿಎಫ್ಒಎ ಎಂಬ ರಾಸಾಯನಿಕದ ತ್ಯಾಜ್ಯವನ್ನು ಕಾರ್ಖಾನೆಯವರು ಅವನ ಹೊಲದ ಮೇಲ್ಗಡೆ ಸುರಿದಿದ್ದರು. ಅಲ್ಲಿಂದ ಹರಿದು ಬಂದ ಹಳ್ಳದ ನೀರು ಕುಡಿದ ಅವನ ಆಕಳುಗಳು ಒಂದೊಂದಾಗಿ ಬಡಕಲಾಗಿ ಸತ್ತವು. ಯಾರೂ ಕಿವಿಗೊಡದಿದ್ದಾಗ ಅವನು ಸತ್ತ ದನಗಳ ವಿಡಿಯೋ ಚಿತ್ರ ಹಿಡಿದುಕೊಂಡು ರಾಬರ್ಟ್ ಬಿಲಟ್ ಎಂಬ ವಕೀಲರ ಬಳಿ ಹೋದ. 1999ರಲ್ಲಿ ದಾವೆ ಹೂಡಿದರು. ಮುಂದೆ ಆ ಸೀಮೆಯ ಸುಮಾರು 69,000 ಜನರ ರಕ್ತ ಪರೀಕ್ಷೆಯಾಯಿತು. ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ, ಬಸುರಿನ ಕಾಲದ ರಕ್ತದೊತ್ತಡ ಸೇರಿ ಆರು ರೋಗಗಳಿಗೂ ಆ ರಾಸಾಯನಿಕಕ್ಕೂ ನಂಟಿರುವ ಸಂಭವವಿದೆ ಎಂದು 2012ರ ಹೊತ್ತಿಗೆ ವಿಜ್ಞಾನಿಗಳ ಸಮಿತಿ ಹೇಳಿತು. ಟೆನಂಟ್ ಆ ತೀರ್ಮಾನ ಕೇಳಲು ಇರಲಿಲ್ಲ, 2009ರಲ್ಲೇ ತೀರಿಕೊಂಡಿದ್ದ. 2019ರಲ್ಲಿ ಪಿಎಫ್ಒಎ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿ ಸೇರಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ಘೋಷಿಸಿತು. ಮಣ್ಣಲ್ಲೂ ನೀರಲ್ಲೂ ಅದು ಕೊಳೆತು ನಾಶವಾಗುವುದಿಲ್ಲ, ಮೈಯೊಳಗೆ ವರ್ಷಗಟ್ಟಲೆ ಉಳಿಯುತ್ತದೆ.

ಇದನ್ನು ಓದಿ ಮನೆಯ ಪ್ಯಾನನ್ನು ಇವತ್ತೇ ಒಗೆಯಬೇಕಿಲ್ಲ. ಸಿದ್ಧವಾದ ಪ್ಯಾನಿನಲ್ಲಿ ಆ ರಾಸಾಯನಿಕ ಉಳಿಯುವುದು ಬಹಳ ಕಡಿಮೆ. ಅದರ ದೊಡ್ಡ ಕೇಡು ಕಾರ್ಖಾನೆಯ ಸುತ್ತಲಿನ ನೀರಿಗೆ, ನೆಲಕ್ಕೆ. ಎದ್ದ ಪದರದ ಚೂರು ಹೊಟ್ಟೆಗೆ ಹೋದರೂ ಜೀರ್ಣವಾಗದೆ ಹೊರಗೆ ಹೋಗುತ್ತದೆ. ಆದರೆ ‘ಪಿಎಫ್ಒಎ ಇಲ್ಲ’ ಎಂದರೆ ಪಿಟಿಎಫ್ಇ ಇಲ್ಲ ಎಂದಲ್ಲ. ಎಷ್ಟು ಬೇಕಾದರೂ ಕಾಯಿಸಬಹುದು ಎಂದೂ ಅಲ್ಲ. ಜಗತ್ತು ಇನ್ನೂ ಈ ಬಗ್ಗೆ ಒಮ್ಮತಕ್ಕೆ ಬಂದಿಲ್ಲ. ಅಮೆರಿಕದ ಮಿನೆಸೋಟ ರಾಜ್ಯ ಇಂಥ ಪದರದ ಅಡಿಗೆ ಪಾತ್ರೆಗಳ ಮಾರಾಟವನ್ನೇ 2025ರ ಜನವರಿಯಿಂದ ನಿಲ್ಲಿಸಿದೆ. ಅದೇ ವರ್ಷ ಫ್ರಾನ್ಸ್ ಮಾಡಿದ ಕಾನೂನು ಬಟ್ಟೆ, ಸೌಂದರ್ಯವರ್ಧಕಗಳಲ್ಲಿ ಈ ಜಾತಿಯ ರಾಸಾಯನಿಕಗಳನ್ನು ತಡೆಯುತ್ತದೆ, ಪ್ಯಾನುಗಳನ್ನು ಮಾತ್ರ ಬಿಟ್ಟುಬಿಟ್ಟಿದೆ. ದೊಡ್ಡವರು ತೀರ್ಮಾನಿಸುವ ತನಕ ನಮ್ಮ ಒಲೆಯ ಉರಿಯಾದರೂ ನಮ್ಮ ಕೈಯಲ್ಲಿದೆ.

ನಮ್ಮ ಹಂಚಿನ ಬಗ್ಗೆ ಹೇಳದಿದ್ದರೆ ಈ ಪತ್ರ ಅರ್ಧವಾದೀತು. ಹತ್ತಾರು ವರ್ಷ ರೊಟ್ಟಿ ಬೇಯಿಸಿದ ಕಬ್ಬಿಣದ ಹಂಚಿನ ಮೇಲೆ ದೋಸೆ ಯಾಕೆ ಅಂಟುವುದಿಲ್ಲ? ಬಡಿಗೇರರು ಬಾಗಿಲಿಗೆ ಅಗಸಿ ಎಣ್ಣೆ ಹಚ್ಚಿದರೆ ಅದು ಒಣಗಿ ಗಟ್ಟಿಯಾದ ಹೊಳಪಿನ ಪೊರೆಯಾಗುತ್ತದಲ್ಲ, ಹಂಚಿನ ಮೇಲೂ ಶಾಖಕ್ಕೆ ಅದೇ ಆಗುತ್ತದೆ. ಎಲ್ಲ ಎಣ್ಣೆಗೂ ಆ ಗುಣ ಸಮನಾಗಿಲ್ಲ. ಅಗಸಿಗೆ, ಕುಸಬಿಗೆ ಅದು ಬಹಳ. ಜೋಳದ, ಕಡಲೆಯ ಹೊಲದಲ್ಲಿ ಅಕ್ಕಡಿ ಸಾಲಾಗಿ, ದನ ನುಗ್ಗದಂತೆ ಮುಳ್ಳುಬೇಲಿಯಾಗಿ ನಾವು ಬೆಳೆಯುತ್ತಿದ್ದ ಅದೇ ಕುಸಬಿ. ಗಾಣದ ಎಣ್ಣೆ ಹೋಗಿ ಪಾಕೀಟಿನ ಎಣ್ಣೆ ಬಂದ ಮೇಲೆ ಕುಸಬಿ ಸಾಲುಗಳೂ ಕಡಿಮೆಯಾದವು. ಅದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಹೊಸ ಹಂಚನ್ನು ಒಮ್ಮೆ ಸಾಬೂನಿನಿಂದ ತೊಳೆದು, ಒಲೆಯ ಮೇಲೆ ಪೂರ್ತಿ ಒಣಗಿಸಿ, ಅರ್ಧ ಉಳ್ಳಾಗಡ್ಡಿಯನ್ನು ಕುಸಬಿ ಎಣ್ಣೆಯಲ್ಲಿ ಅದ್ದಿ ಮೈಗೆಲ್ಲ ತಿಕ್ಕಿ. ಹೆಚ್ಚಾದ ಎಣ್ಣೆ ಅರಿವೆಯಿಂದ ಒರೆಸಿ ತೆಗೆಯಿರಿ; ಇದೇ ಮುಖ್ಯ, ಎಣ್ಣೆ ದಪ್ಪಗೆ ಉಳಿದರೆ ಜಿಗುಟಾಗುತ್ತದೆ. ಹೊಗೆ ನಿಲ್ಲುವ ತನಕ ಕಾಯಿಸಿ, ಆರಿಸಿ, ಮತ್ತೆ ಹಚ್ಚಿ. ನಾಲ್ಕು ಸಲ ಮಾಡಿದರೆ ಕಪ್ಪು ಹೊಳಪು ಬರುತ್ತದೆ. ಮಳೆಗಾಲದಲ್ಲಿ ತುಕ್ಕು ಬಂದರೆ ತಿಕ್ಕಿ ತೆಗೆದು ಮೊದಲಿನಿಂದ ಶುರುಮಾಡಿ. ಈ ಪದರ ಸವೆದರೆ ಹೊಸದು ಹಚ್ಚುವವರು ನಾವೇ, ಯಾವ ಅಂಗಡಿಗೂ ಹೋಗಬೇಕಿಲ್ಲ. ಹುಣಸೆ, ಟೊಮೆಟೊ ಮಾತ್ರ ಈ ಪದರವನ್ನು ತಿನ್ನುತ್ತವೆ. ಹುಳಿಯ ಅಡಿಗೆಗೆ ಪದರದ ಆಸೆಯಿಲ್ಲದ ಬೇರೊಂದು ಕಬ್ಬಿಣದ ಕಡಾಯಿ ಇಟ್ಟುಕೊಳ್ಳಿ. ಹುಳಿಗೆ ಕಬ್ಬಿಣ ಬಿಟ್ಟುಕೊಳ್ಳುತ್ತದೆ, ಅದು ನಮ್ಮ ರಕ್ತಕ್ಕೆ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇದೆ. ಇಥಿಯೋಪಿಯಾದಲ್ಲಿ ಕಬ್ಬಿಣದ ಪಾತ್ರೆಯ ಅಡಿಗೆ ಉಂಡ ಮಕ್ಕಳ ರಕ್ತದ ಅಂಶ ಅಲ್ಯೂಮಿನಿಯಂ ಪಾತ್ರೆಯ ಮಕ್ಕಳಿಗಿಂತ ಹೆಚ್ಚಾದದ್ದನ್ನು 1999ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆ ಪ್ರಕಟಿಸಿತ್ತು.

ಪಕ್ಕದ ಮನೆಯ ನನ್ನ ನೆಗೆಣ್ಣಿ ಪದರ ಪೂರಾ ಎದ್ದ ಪ್ಯಾನಿನಲ್ಲೇ ವರ್ಷಗಟ್ಟಲೆ ಅಡಿಗೆ ಮಾಡಿದಳು. ಕೇಳಿದರೆ, "ತೂತೇನು ಬಿದ್ದಿಲ್ಲಲ್ಲವಾ, ಯಾಕ ಒಗೀಬೇಕು?" ಅಂದಳು. ದುಡ್ಡು ಕೊಟ್ಟು ತಂದದ್ದನ್ನು ಒಗೆಯಲು ಕೈ ಬಾರದು, ನನಗೆ ಅರ್ಥವಾಗುತ್ತದೆ. ಕಲಾಯಿಯ ಮಾತು ನೆನಪಿಸಿದೆ. ಮರುದಿನ ಆ ಪ್ಯಾನಿನಲ್ಲಿ ಕೋಳಿಗೆ ನೀರಿಟ್ಟಿದ್ದಳು.

ಸಂಘದ ಸಭೆಗಳಲ್ಲಿ ನೀವು ಎತ್ತಬೇಕಾದ ಎರಡು ವಿಷಯಗಳಿವೆ. ಕಂತಿನ ಮೇಲೆ ಸೆಟ್ ಕೊಡುವವರು ಬಂದಾಗ, ಸೆಟ್ಟಿನ ದುಡ್ಡಿನಲ್ಲಿ ಒಂದು ದಪ್ಪ ತಳದ ಪ್ಯಾನು, ಒಂದು ಕಬ್ಬಿಣದ ಹಂಚು, ಒಂದು ಕಬ್ಬಿಣದ ಕಡಾಯಿ ಬರುತ್ತದೋ ಇಲ್ಲವೋ ಲೆಕ್ಕ ಹಾಕಿಯೇ ಸಾಲದ ಮಾತಾಡಿ. ಎರಡನೆಯದು ಗುಜರಿಯ ಸಂಗತಿ. ಅಲ್ಯೂಮಿನಿಯಂಗೆ ಬೆಲೆ ಹೆಚ್ಚು ಸಿಗಲೆಂದು ಕೆಲವರು ಹಳೆ ಪ್ಯಾನುಗಳನ್ನು ಹಿತ್ತಲಲ್ಲಿ ಸುಟ್ಟು ಪದರ ತೆಗೆಯುತ್ತಾರೆ. ಮಕ್ಕಳು ಸುತ್ತ ನಿಂತು ನೋಡುತ್ತಿರುತ್ತವೆ. ಅದು ನಿಲ್ಲಬೇಕು, ನಾಲ್ಕು ರೂಪಾಯಿ ಕಡಿಮೆ ಬಂದರೂ ಸರಿ, ಇದ್ದ ಹಾಗೆಯೇ ಗುಜರಿಗೆ ಕೊಡಿ.

ನವರಾತ್ರಿಯ ಘಟ್ಟ ಕೂಡ್ರಿಸುವ ಮುಂಚೆ ನಾವೆಲ್ಲ ಅಟ್ಟದ ಭಾಂಡೆ ಇಳಿಸಿ ತೊಳೆಯುತ್ತೇವಲ್ಲ, ಆವಾಗ ನಿಮ್ಮ ಪ್ಯಾನನ್ನು ಬಿಸಿಲಿಗೆ ಹಿಡಿದು ನೋಡಿ. ಕಪ್ಪಿನ ನಡುವೆ ಬೆಳ್ಳಗೆ ಲೋಹ ಕಂಡರೆ ಅದರ ಕಲಾಯಿ ಹೋಗಿದೆ. ಈ ಸಲ ನಮ್ಮ ಸಂಘದ ತಿಂಗಳ ಸಭೆಗೆ ಎಲ್ಲರೂ ಅವರವರ ಪ್ಯಾನು ತರುವುದೆಂದು ಠರಾವು ಮಾಡಿದ್ದೇವೆ. ನಾನು ಅತ್ತೆಯ ಹಂಚು, ಒಂದು ಸೀಸೆ ಕುಸಬಿ ಎಣ್ಣೆ, ಎರಡು ಉಳ್ಳಾಗಡ್ಡಿ ಒಯ್ಯುತ್ತೇನೆ. ಹೊಸ ಹಂಚು ಪಳಗಿಸಬೇಕಾದವರು ನಿಮ್ಮ ನಿಮ್ಮ ಊರಿನ ಸಭೆಗೂ ತನ್ನಿ.

ನಿಮ್ಮ ಅಕ್ಕ,
ಅಣ್ಣಿಗೇರಿ ತಾಲ್ಲೂಕಿನ ಒಂದು ಹಳ್ಳಿಯಿಂದ